ನಮ್ಮ ರಸ್ತೆಯವರು ವಿಮಾನ ನೋಡಲು ಹೋದದ್ದು



ಹುಮನಾಬಾದ್ ಸೀಮೆಯವರಿಗೆ ವಿಮಾನ ಹೊಸದೇನಲ್ಲ. ಬೀದರಿನ ವಾಯುಪಡೆ ನೆಲೆ ನಮ್ಮಿಂದ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಅದು ಪೈಲಟ್‌ಗಳಿಗೆ ಪಾಠ ಹೇಳುವ ಜಾಗ. ಪಾಠ ಅಂದ ಮೇಲೆ ಒಂದೇ ಅಭ್ಯಾಸವನ್ನು ಹತ್ತು ಸಲ ಮಾಡಿಸುತ್ತಾರೆ, ಹಾಗಾಗಿ ಹೋದ ವಿಮಾನವೇ ಮತ್ತೆ ಬರುತ್ತದೆ, ಬಂದದ್ದೇ ಮತ್ತೆ ಹೋಗುತ್ತದೆ. ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ತಲೆ ಎತ್ತುವುದೂ ಇಲ್ಲ. ಶಾಲೆಯಲ್ಲಿ ಪಾಠ ಮಾಡುವ ನನ್ನಂಥವರು ಮಾತ್ರ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ದಾಟಿ ಹೋದ ಮೇಲೆ ಉಳಿದರ್ಧ ಹೇಳುತ್ತೇವೆ. ಹುಡುಗರಿಗೆ ಅದೊಂದು ಪುಕ್ಕಟೆ ಬಿಡುವು.

ಇಷ್ಟು ಬಳಕೆ ಇದ್ದರೂ ನಾವು ವಿಮಾನದ ಹೊಟ್ಟೆ ಕಂಡವರೇ ಹೊರತು ಮುಖ ಕಂಡವರಲ್ಲ. ಅದು ಯಾರು ಮಾಡಿದ್ದು, ಎಲ್ಲಿ ಮಾಡಿದ್ದು, ಒಳಗೆ ಎಷ್ಟು ಜನ ಕೂರುತ್ತಾರೆ ಎಂದು ನನ್ನ ಮಗ ಕೇಳಿದಾಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಬೆಂಗಳೂರಿನಲ್ಲಿ ನನ್ನ ತಂಗಿಯ ಮನೆ ಮುರುಗೇಶಪಾಳ್ಯದ ಕಡೆ. ಹಳೇ ವಿಮಾನ ನಿಲ್ದಾಣದ ರಸ್ತೆ ಹಿಡಿದು ಮಾರತಹಳ್ಳಿ ದಿಕ್ಕಿಗೆ ಹೊರಟರೆ ವಿಮಾನ ತಯಾರಿಸುವ ಎಚ್‌ಎಎಲ್ ಸಂಸ್ಥೆಯ ವಿಮಾನ ಸಂಗ್ರಹಾಲಯ ಸಿಗುತ್ತದೆ. 2001ರಲ್ಲಿ ಆರಂಭವಾದದ್ದು. ದಸರಾ ರಜೆಗೆ ಅಲ್ಲಿಗೇ ಹೋಗುವುದೆಂದಾಯಿತು.

ಹೊರಟವರು ನಾನು, ಹೆಂಡತಿ, ಇಬ್ಬರು ಮಕ್ಕಳು, ಅವ್ವ, ಜೊತೆಗೆ ನಮ್ಮ ಕಾಕಾ. ಕಾಕಾನ ಬಗ್ಗೆ ಎರಡು ಮಾತು ಹೇಳಬೇಕು. ಅವರು ಬಸವಕಲ್ಯಾಣದ ಹತ್ತಿರ, ಹೆದ್ದಾರಿ ಮೇಲಿನ ಸಸ್ತಾಪುರ ಬಂಗ್ಲಾದ ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವ ಮಿಸ್ತ್ರಿ. ಕಾರ್ಖಾನೆಯಿಂದ ಅವರ ಶೆಡ್ಡಿಗೆ ಬರುವ ಲಾರಿಗೆ ಮೈ ಇರುವುದಿಲ್ಲ. ಚಾಸಿ, ಇಂಜಿನ್, ಚಕ್ರ, ಸ್ಟೇರಿಂಗು, ಇಷ್ಟೇ. ಡ್ರೈವರ್ ಒಂದು ಹಲಗೆಯ ಮೇಲೆ ಕೂತು, ತಲೆಗೆ ಟವೆಲ್ ಸುತ್ತಿಕೊಂಡು, ಮಳೆ ಬಿಸಿಲಿನಲ್ಲಿ ನೂರಾರು ಮೈಲಿ ಓಡಿಸಿಕೊಂಡು ಬರುತ್ತಾನೆ. ಕ್ಯಾಬಿನ್, ಡಾಲಾ, ಬಾಗಿಲು, ಹಣೆಯ ಮೇಲಿನ ಚಿತ್ತಾರ ಎಲ್ಲ ಆಮೇಲೆ. ಬಡಗಿ, ವೆಲ್ಡಿಂಗಿನವ, ಪೇಂಟರ್ ಸೇರಿ ಆ ಅಸ್ಥಿಪಂಜರಕ್ಕೆ ಮೈ ತುಂಬುತ್ತಾರೆ. ಕಾಕಾನ ಕೈಯಿಂದ ಹೊರಬಿದ್ದ ಲಾರಿಗಳು ಈಗ ಯಾವ ಯಾವ ರಾಜ್ಯದಲ್ಲಿ ಓಡುತ್ತಿವೆಯೋ ಅವರಿಗೇ ಗೊತ್ತಿಲ್ಲ. ಅವರನ್ನು ಕರೆದುಕೊಂಡು ಹೋದದ್ದು ನನ್ನ ಪುಣ್ಯ. ಇಲ್ಲದಿದ್ದರೆ ನಾವೂ ಎಲ್ಲರ ಹಾಗೆ ವಿಮಾನದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಂದುಬಿಡುತ್ತಿದ್ದೆವು.

ಹುಮನಾಬಾದಿನಿಂದ ಕಲಬುರಗಿಗೆ ರೈಲು, ಅಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್. ನಮ್ಮೂರಿಂದ ಕಲಬುರಗಿಗೆ ರೈಲಿನಲ್ಲಿ ಹೋಗುವುದು ಮಕ್ಕಳಿಗೆ ಸಹಜ ಸಂಗತಿ. ಅವ್ವನಿಗೆ ಇನ್ನೂ ಅಲ್ಲ. ಬೀದರ್–ಕಲಬುರಗಿ ನಡುವಿನ ಈ 110 ಕಿಲೋಮೀಟರ್ ಮಾರ್ಗ ಪೂರ್ತಿಯಾಗಿ ಉದ್ಘಾಟನೆ ಆದದ್ದು 2017ರ ಅಕ್ಟೋಬರ್ 29ರಂದು. ಅಷ್ಟೊತ್ತಿಗೆ ಈ ಹಳಿಯ ಮಾತು ಎಷ್ಟೋ ಚುನಾವಣೆಗಳನ್ನು ಕಂಡಿತ್ತು. ಸುರಂಗದೊಳಗೆ ಗಾಡಿ ಹೊಕ್ಕಾಗ ಅವ್ವ ಪ್ರತಿ ಸಲ ಸೆರಗು ತಲೆಗೆ ಎಳೆದುಕೊಂಡು ಮಾಣಿಕಪ್ರಭುಗಳ ಹೆಸರು ಹೇಳುತ್ತಾರೆ.

ಸಂಗ್ರಹಾಲಯದ ಅಂಗಳ ದೊಡ್ಡದು. ಗಿಡಮರ, ಹುಲ್ಲು, ನಡುನಡುವೆ ವಿಮಾನಗಳು. ಮಗ ಒಳಗೆ ಕಾಲಿಡುತ್ತಲೇ ಮಿಗ್-21 ಕಡೆ ಓಡಿದ. ಮಗಳು ಎಲ್ಲ ಫಲಕಗಳನ್ನೂ ಸಾಲಾಗಿ ಓದಬೇಕೆನ್ನುವ ಜಾತಿ. ಅವ್ವ ನೆರಳಿನ ಬೆಂಚು ಹುಡುಕಿ, ಡಬ್ಬಿಯಲ್ಲಿ ತಂದ ರೊಟ್ಟಿ, ಶೇಂಗಾ ಹಿಂಡಿ ಹೊರಗೆ ತೆಗೆಯಬಹುದೋ ಬೇಡವೋ ಎಂದು ಯೋಚಿಸುತ್ತ ಕೂತರು. ಕುಟುಂಬ ಸಮೇತ ಸಂಗ್ರಹಾಲಯ ನೋಡುವುದೆಂದರೆ ಇದೇ. ಯಾರೂ ಒಟ್ಟಿಗೆ ಇರುವುದಿಲ್ಲ, ಯಾರಿಗೂ ಒಂದೇ ವಸ್ತು ಹಿಡಿಸುವುದಿಲ್ಲ. ಎಲ್ಲರನ್ನೂ ಒಂದು ಸಾಲಿನಲ್ಲಿ ನಡೆಸಲು ಹೋಗುವ ಯಜಮಾನನಿಗೆ ಬೆವರು ಮಾತ್ರ ಲಾಭ.

ನಾವೆಲ್ಲ ಮೊದಲ ಸಲ ಒಟ್ಟಿಗೆ ನಿಂತದ್ದು ಕಿರಣ್ ವಿಮಾನದ ಮುಂದೆ. ಇದು ತರಬೇತಿ ಜೆಟ್. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ರೂಪಿಸಿದ್ದು, 1964ರಲ್ಲಿ ಮೊದಲ ಸಲ ಹಾರಿದ್ದು. ಬೀದರಿನ ಆಕಾಶದಲ್ಲಿ ವರ್ಷಗಟ್ಟಲೆ ಸುತ್ತಿದ್ದು ಇದೇ.

ಅವ್ವ ಎದ್ದು ಬಂದರು. ಮೂಗಿನಿಂದ ಬಾಲದವರೆಗೆ ನೋಡಿದರು.

“ಇಷ್ಟು ಸಣ್ಣದಾ? ಮ್ಯಾಲ ಹೋಗಾಗ ಮನಿ ಗ್ವಾಡಿ ನಡಗ್ತಿದ್ದವಲ್ಲೋ ತಮ್ಮಾ!”

ಕಿರಣ್ ಒಳಗೆ ಗುರು ಮತ್ತು ಶಿಷ್ಯ ಅಕ್ಕಪಕ್ಕ ಕೂರುತ್ತಾರೆ, ನಮ್ಮ ಲಾರಿಯ ಡ್ರೈವರ್ ಮತ್ತು ಕ್ಲೀನರ್ ಕೂತಂತೆ. ಗುರುವಿಗೆ ಶಿಷ್ಯನ ಕೈ, ಮುಖ ಎರಡೂ ಕಾಣುತ್ತವೆ. ಆಮೇಲೆ ಬೀದರಿಗೆ ಬಂದ ಹಾಕ್ ವಿಮಾನದಲ್ಲಿ ಹಾಗಿಲ್ಲ, ಒಬ್ಬರ ಹಿಂದೆ ಒಬ್ಬರು. ಹಾಕ್ ಬ್ರಿಟನ್ನಿನ ವಿಮಾನ. ವಾಯುಪಡೆ ಅದನ್ನು ವಿಧಿವತ್ತಾಗಿ ಸೇರಿಸಿಕೊಂಡದ್ದು 2008ರ ಫೆಬ್ರವರಿಯಲ್ಲಿ, ಬೀದರಿನಲ್ಲೇ. ಪರವಾನಗಿ ಪಡೆದು ಅದನ್ನು ಇಲ್ಲಿ ತಯಾರಿಸಿದ್ದು ಮತ್ತೆ ಇದೇ ಎಚ್‌ಎಎಲ್. ಅಂದರೆ ನಮ್ಮ ತಲೆಯ ಮೇಲೆ ಹೋಗುವ ಸದ್ದಿಗೆ ತವರುಮನೆ ಬೆಂಗಳೂರು.

ಸೂರ್ಯಕಿರಣ್ ತಂಡದ ಹೆಸರು ನೀವು ಕೇಳಿದ್ದೀರಿ. 1996ರಲ್ಲಿ ಬೀದರಿನಲ್ಲಿ ಕಟ್ಟಿದ ತಂಡ. ಒಂಬತ್ತು ಕಿರಣ್ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುತ್ತಿದ್ದವು. ದೊಡ್ಡ ಊರಿನವರು ಪಾಸ್ ಗಿಟ್ಟಿಸಿ ನೋಡುವ ಕಸರತ್ತಿನ ತಾಲೀಮನ್ನು ಬೀದರ್ ಕಡೆಯ ದನಗಾಹಿ ಹುಡುಗರು ಎಮ್ಮೆಯ ಬೆನ್ನ ಮೇಲೆ ಕೂತು ನೋಡಿದ್ದಾರೆ. ತಾಲೀಮು ಆಟವಲ್ಲ. 2009ರ ಜನವರಿಯಲ್ಲಿ ಬೀದರ್ ಹತ್ತಿರವೇ ತಂಡದ ಒಂದು ವಿಮಾನ ಬಿದ್ದು ಪೈಲಟ್ ತೀರಿಕೊಂಡರು. 2011ರ ಫೆಬ್ರವರಿಯಲ್ಲಿ ಕಿರಣ್ ವಿಮಾನಗಳ ಆ ಪ್ರದರ್ಶನ ನಿಂತಿತು. ಕೆಲವು ವರ್ಷ ಬಿಟ್ಟು ತಂಡ ಹಾಕ್ ವಿಮಾನಗಳೊಂದಿಗೆ ಮರಳಿತು. ನನ್ನ ಮಕ್ಕಳಿಗೆ ಗೊತ್ತಿರುವುದು ಈ ಎರಡನೆಯದು.

ಕಾಕಾ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮುಟ್ಟಿದರೆ ಯಾರಾದರೂ ಬೈದಾರು ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮುಖವನ್ನು ವಿಮಾನದ ಮೈಗೆ ಗೇಣು ದೂರದವರೆಗೆ ತಂದು, ರೆಕ್ಕೆಯ ಬುಡದಿಂದ ತುದಿಯವರೆಗೆ ಅಡ್ಡಡ್ಡ ನಡೆಯುತ್ತಿದ್ದರು. ಆಮೇಲೆ ನನ್ನನ್ನು ಕರೆದರು.

“ರಿವೆಟ್ ನೋಡು. ಒಂದಕ್ಕರೆ ತಲಿ ಅದ ಏನು?”

ನೋಡಿದೆ. ತಗಡಿನ ಮೇಲೆ ಸಾಲುಸಾಲಾಗಿ ಬಟ್ಟು ಬಟ್ಟು ಗುರುತು. ಪ್ರತಿಯೊಂದೂ ಒಂದು ರಿವೆಟ್, ಆದರೆ ಒಂದೂ ಉಬ್ಬಿಲ್ಲ. ಲಾರಿಯ ಬಾಡಿಯಲ್ಲಿ ರಿವೆಟ್ಟಿನ ತಲೆ ಗುಂಡಗೆ ಹೊರಗೆ ನಿಲ್ಲುತ್ತದೆ. ನಿಂತರೆ ಯಾರಿಗೂ ನಷ್ಟವಿಲ್ಲ, ಹಿಡಿತವೂ ಗಟ್ಟಿ. ವಿಮಾನಕ್ಕೆ ಅದು ಆಗದು. ಆ ವೇಗದಲ್ಲಿ ಸಣ್ಣ ಉಬ್ಬೂ ಗಾಳಿಯನ್ನು ಕೆಣಕುತ್ತದೆ. ಸಾವಿರಾರು ಉಬ್ಬು ಸೇರಿದರೆ ಇಂಜಿನ್ನಿನ ಶಕ್ತಿಯನ್ನೇ ತಿನ್ನುತ್ತವೆ. ಅದಕ್ಕೆ ತೂತಿನ ಬಾಯನ್ನು ಬಟ್ಟಲಿನಂತೆ ಓರೆ ಮಾಡಿ, ಚಪ್ಪಟೆ ತಲೆಯ ರಿವೆಟ್ಟನ್ನು ಅದರೊಳಗೆ ಕೂರಿಸುತ್ತಾರೆ. ಮೇಲೆ ಅಂಗೈ ಆಡಿಸಿದರೆ ನುಣುಪು. ಒಬ್ಬ ಹೊರಗಿನಿಂದ ಸುತ್ತಿಗೆ ಯಂತ್ರ ಹಿಡಿದರೆ ಇನ್ನೊಬ್ಬ ಒಳಗೆ ತೂರಿಕೊಂಡು ಕಬ್ಬಿಣದ ಗಟ್ಟಿ ಆನಿಸಿ ನಿಲ್ಲಬೇಕು. ಕೈ ಒಂದು ಚೂರು ಓರೆಯಾದರೂ ತಗಡಿಗೆ ತಗ್ಗು ಬೀಳುತ್ತದೆ. ಕಾಕಾನಿಗೆ ಇದನ್ನು ವಿವರಿಸಲು ನಾನು ಹೊರಟೆ. ಅರ್ಧದಲ್ಲೇ ಅವರು ನನಗೆ ವಿವರಿಸತೊಡಗಿದರು. “ಒಳಗ ಹೋಗಿ ಹಿಡದವನ ಕೈ ನೋಡಬೇಕು ತಮ್ಮಾ. ಹೊರಗ ಹೊಡಿಯಾವಂದಲ್ಲ.”

ಫಲಕಗಳಲ್ಲಿ ವೇಗ ಇರುತ್ತದೆ, ಎತ್ತರ ಇರುತ್ತದೆ, ಇಂಜಿನ್ನಿನ ಹೆಸರು ಇರುತ್ತದೆ. ಜಗತ್ತಿನ ಎಲ್ಲ ಸಂಗ್ರಹಾಲಯಗಳ ರೂಢಿ ಅದು. ಒಳಗೆ ತೂರಿಕೊಂಡು ಗಟ್ಟಿ ಹಿಡಿದವನ ಸುದ್ದಿ ಫಲಕಕ್ಕೆ ಬರುವುದಿಲ್ಲ. ಆ ಸುದ್ದಿಯನ್ನು ವಿಮಾನದ ಮೈಯಲ್ಲೇ ಓದಬೇಕು, ಓದಬಲ್ಲವರು ಜೊತೆಗಿರಬೇಕು.

ಅಲ್ಲಿಂದ ಮಾರುತ್. ಕಾಕಾನ ಕಣ್ಣಿಗೆ ಇದೇ ಸುಂದರಿ. ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಹೆಸರಾಂತ ವಿನ್ಯಾಸಕಾರ 1956ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿನ ಎಂಜಿನಿಯರುಗಳ ಜೊತೆ ಕೂತು ರೂಪಿಸಿದ್ದು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲು ಹಾರಿಸಿದರು. 1970ರಲ್ಲಿ ಮಾರುತ್ ಅಪಘಾತದಲ್ಲೇ ಅವರು ತೀರಿಕೊಂಡರು. ಬೆಂಗಳೂರಿನ ಆ ಭಾಗದ ರಸ್ತೆಯೊಂದಕ್ಕೆ ಅವರ ಹೆಸರಿದೆ. ತಂಗಿ ದಿನಾ ತರಕಾರಿಗೆ ಹೋಗುವ ದಾರಿ ಅದು. ಹೆಸರು ಯಾರದೆಂದು ಅವಳಿಗೂ ಆವತ್ತೇ ತಿಳಿದದ್ದು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಮಾರುತ್‌ಗಳು ಕೆಲಸ ಮಾಡಿದವು. ತಕ್ಕ ಇಂಜಿನ್ ಸಿಗದೆ ಹೋದದ್ದು ಅದರ ಹಣೆಬರಹ. ಶಬ್ದದ ವೇಗ ಮೀರಲೆಂದು ಕಡೆದ ಮೈಗೆ ಅಷ್ಟು ಬಲದ ಇಂಜಿನ್ ಕೊನೆಗೂ ದಕ್ಕಲಿಲ್ಲ.

ಇದರ ಇನ್ನೊಂದು ಕಥೆ ಹೇಳಿದಾಗ ಕಾಕಾ ಮೀಸೆಯಲ್ಲೇ ನಕ್ಕರು. ಲೋಹದ ಮಾರುತ್ ಹಾರುವ ಮೊದಲು, 1959ರಲ್ಲಿ, ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಮಾಡಿ, ಇನ್ನೊಂದು ವಿಮಾನಕ್ಕೆ ಕಟ್ಟಿ ಎಳೆಸಿ, ಮೇಲೆ ಬಿಟ್ಟು ಪರೀಕ್ಷೆ ಮಾಡಿದ್ದರು. “ಅಂದ್ರ ಮೊದಲು ಬಡಿಗ್ಯಾನ ಕೈಯಾಗ ಹಾರಿ ಆಮೇಲೆ ಸಾಹೇಬರ ಕೈಯಾಗ ಬಂತನ್ನು.” ಚರಿತ್ರೆ ಬರೆಯುವವರು ಒಪ್ಪುತ್ತಾರೋ ಇಲ್ಲವೋ, ಆಟೋನಗರ ಒಪ್ಪುತ್ತದೆ.

ಅವ್ವನಿಗೆ ಹಿಡಿಸಿದ್ದು ಬಸಂತ್. ಹೊಲಕ್ಕೆ ಔಷಧ ಹೊಡೆಯಲೆಂದೇ ಎಚ್‌ಎಎಲ್ ಮಾಡಿದ ವಿಮಾನ, ಈ ರೂಪದಲ್ಲಿ 1972ರಲ್ಲಿ ಹಾರಿದ್ದು. ಪೈಲಟ್ಟಿನ ಮುಂದೆ ಔಷಧದ ತೊಟ್ಟಿ. ಕೆಳಗಿನ ಬೆಳೆ, ಗಿಡ, ತಂತಿ ಕಾಣಲೆಂದು ಕೂರುವ ಜಾಗ ಎತ್ತರ. ಮಾಡಿದ್ದು ಮೂವತ್ತೊಂಬತ್ತೇ. ನಮ್ಮ ಕಡೆಯ ಎರಡು ಮೂರು ಎಕರೆ ತುಂಡು ಹೊಲಗಳಿಗೆ, ಬದುವಿನಲ್ಲಿ ಬೇವಿನ ಗಿಡ ನಿಂತಿರುವಲ್ಲಿಗೆ, ವಿಮಾನದ ಸಿಂಪಡಣೆ ಹೊಂದುವ ಮಾತಲ್ಲ. ಈಗ ತೊಗರಿಗೆ ಡ್ರೋನ್ ಹಾರಿಸಿ ಔಷಧ ಹೊಡೆಯುತ್ತಾರೆ. ಕನಸು ಸರಿಯಿತ್ತು, ಗಾತ್ರ ತಪ್ಪಿತ್ತು ಎಂದು ನನಗನ್ನಿಸಿತು. ಅವ್ವ ಕೇಳಿದ್ದು ಬೇರೆಯೇ: “ಬಾಡಗಿ ತಾಸಿಗೆಷ್ಟು ಇತ್ತಂತ?”

ಒಳಗಿನ ಸಭಾಂಗಣದಲ್ಲಿ ಹಳೇ ಚಿತ್ರಗಳು 1940ರಿಂದ ಶುರುವಾಗುತ್ತವೆ. ಇಲ್ಲಿ ನಾನು ನನ್ನ ಮಾಸ್ತರಿಕೆ ಹೊರಗೆ ತೆಗೆದೆ. ಎಚ್‌ಎಎಲ್ ಕಾರ್ಖಾನೆಗೆ ಬೀಜ ಹಾಕಿದವರು ವಾಲ್‌ಚಂದ್ ಹೀರಾಚಂದ್, 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಸೊಲ್ಲಾಪುರ ನಮಗೇನು ಪರಸ್ಥಳವೇ? ಹುಮನಾಬಾದ್ ಬಸ್ ನಿಲ್ದಾಣದ ಮುಂದೆ ಹಾಯುವ ಹೆದ್ದಾರಿ ಹಿಡಿದರೆ ಪೂರ್ವಕ್ಕೆ ಹೈದರಾಬಾದ್, ಪಶ್ಚಿಮಕ್ಕೆ ಸೊಲ್ಲಾಪುರ. ಮದುವೆಯ ಚಾದರ ಇವತ್ತಿಗೂ ಅಲ್ಲಿಂದಲೇ ಬರಬೇಕು. ಆ ಊರಿನ ಈ ಮನುಷ್ಯ 1919ರಲ್ಲಿ ಬ್ರಿಟಿಷರಿಗೆ ಎದುರಾಗಿ ಸಿಂಧಿಯಾ ಹಡಗು ಕಂಪನಿಯ ಹಡಗನ್ನು ಲಂಡನ್ನಿಗೆ ಕಳಿಸಿದರು, ಆಮೇಲೆ ವಿಶಾಖಪಟ್ಟಣದಲ್ಲಿ ಹಡಗುಕಟ್ಟೆ, ಮುಂಬಯಿಯಲ್ಲಿ ಪ್ರೀಮಿಯರ್ ಕಾರಿನ ಕಾರ್ಖಾನೆ. 1939ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಪಾಲಿ ಎಂಬ ಅಮೆರಿಕನ್ ವ್ಯಾಪಾರಿಯ ಪರಿಚಯವಾಯಿತು. ಮಾತು ವಿಮಾನ ತಯಾರಿಕೆಗೆ ತಿರುಗಿತು. ಮೈಸೂರು ಸಂಸ್ಥಾನ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ಬೆಂಗಳೂರಲ್ಲಿ ಜಾಗವನ್ನೂ ಬಂಡವಾಳವನ್ನೂ ಕೊಟ್ಟಿತು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಹುಟ್ಟಿತು. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನವನ್ನು ಜೋಡಿಸಿ ಹಾರಿಸಿದರು. 1942ರಲ್ಲಿ ಯುದ್ಧದ ನಿಮಿತ್ತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು.

ಯುದ್ಧ ಮುಗಿದ ಮೇಲೆ ದುರಸ್ತಿಗೆ ವಿಮಾನ ಕಡಿಮೆಯಾದವು, ಕೆಲಸಗಾರರು ಸಾವಿರಗಟ್ಟಲೆ ಇದ್ದರು. ಆಗ ಈ ಕಾರ್ಖಾನೆ ರೈಲು ಬೋಗಿ ಕಟ್ಟಿತು, ಬಸ್ಸಿಗೆ ಬಾಡಿ ಕಟ್ಟಿತು. ಬಸ್ ಬಾಡಿ ಎಂದೊಡನೆ ಕಾಕಾ ನಿಂತುಬಿಟ್ಟರು. ವಿಮಾನ ಮಾಡುವವರು ಬಾಡಿ ಕಟ್ಟಿ ಹೊಟ್ಟೆ ಹೊರೆದರು ಎಂಬುದು ಅವರಿಗೆ ಮಾರುತ್‌ಗಿಂತ ದೊಡ್ಡ ಸುದ್ದಿ. ಬೋಗಿಯ ವಿಭಾಗ 1964ರಲ್ಲಿ ಹುಟ್ಟಿದ ಬಿಇಎಂಎಲ್‌ಗೆ ಹೋಯಿತು. ಈ ನಡುವೆ, 1951ರ ಆಗಸ್ಟ್‌ನಲ್ಲಿ, ಡಾ. ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ಹಾರಿತ್ತು. ಅದೂ ತರಬೇತಿ ವಿಮಾನ. ಅಂಗಳದಲ್ಲಿದೆ, ಪುಟ್ಟದು, ಮುಂದೆ ಪಂಖ.

ಈ ಚಿತ್ರಗಳ ಸಾಲು ನೋಡುತ್ತ ಹೋದಂತೆ ನನಗೆ ಒಂದು ಸಣ್ಣ ಹೊಟ್ಟೆಕಿಚ್ಚು ಶುರುವಾಯಿತು. ಇದು ಬೆಂಗಳೂರು ಹೇಳಿಕೊಳ್ಳುವ ಕಥೆ. ಹೇಳಿಕೊಳ್ಳಲಿ, ಅದರ ಹಕ್ಕು. ಸೊಲ್ಲಾಪುರ–ಹೈದರಾಬಾದಿನ ನಮ್ಮ ರಸ್ತೆಗೂ ಒಂದು ಕಥೆ ಇದೆ, ಅದಕ್ಕೆ ಗೋಡೆಯೂ ಇಲ್ಲ, ಮೊಳೆಯೂ ಇಲ್ಲ. ಮಧ್ಯಾಹ್ನ ತಂಗಿಯ ಮನೆಯಲ್ಲಿ ಊಟವಾದ ಮೇಲೆ ಅದನ್ನು ಮಕ್ಕಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ನಮ್ಮ ಜಿಲ್ಲೆ ಆಗ ನಿಜಾಮರ ರಾಜ್ಯ. 1932ರ ಜೂನ್‌ನಲ್ಲಿ ನಿಜಾಮ್ ರೈಲ್ವೆಯವರು 27 ಬಸ್ಸು, 166 ಜನರನ್ನು ಇಟ್ಟುಕೊಂಡು ರಸ್ತೆ ಸಾರಿಗೆ ಶುರು ಮಾಡಿದರು. ಬಸ್ಸುಗಳು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ಆ ಕಾಲದ ಒಂದು ಬಸ್ಸನ್ನು ಹೈದರಾಬಾದಿನಲ್ಲಿ ಜೋಪಾನ ಮಾಡಿದ್ದಾರೆ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಈಗ ಹತ್ತುವ ಬಸ್ಸಿನ ಮೇಲೆ ಕಲ್ಯಾಣ ಕರ್ನಾಟಕ ಎಂದು ಬರೆದಿದೆ. 2000ದಲ್ಲಿ ಈಶಾನ್ಯ ಎಂದು ಹುಟ್ಟಿದ ನಿಗಮ 2021ರಲ್ಲಿ ಪಡೆದ ಹೆಸರು ಇದು.

ಇನ್ನು ವಿಮಾನದ ಮಾತು. ನಿಜಾಮರ ರಾಜ್ಯ ಇನ್ನೂ ಭಾರತಕ್ಕೆ ಸೇರದಿದ್ದ 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ, ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರನ್ನು ಜನರನ್ನೂ ಅಂಚೆಯನ್ನೂ ಸಾಗಿಸಲು ಮಾರ್ಪಡಿಸಿದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ, ಕರಾಚಿಯಿಂದ ಹೈದರಾಬಾದ್ ರಾಜ್ಯಕ್ಕೆ ರಾತ್ರೋರಾತ್ರಿ ಆಯುಧ ತಂದು ಇಳಿಸುತ್ತಿದ್ದ. ಇಳಿಸಿದ ಜಾಗಗಳಲ್ಲಿ ಬೀದರಿನ ವಿಮಾನ ಪಟ್ಟಿಯೂ ಒಂದು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದಿಂದ ಇದೇ ಹೆದ್ದಾರಿಯಲ್ಲಿ ಹೊರಟಿತು. ಮುಂದಾಳು ಮೇಜರ್ ಜನರಲ್ ಜೆ. ಎನ್. ಚೌಧುರಿ. ನಳದುರ್ಗ, ಉಮರ್ಗಾ ದಾಟಿದ ಮೇಲೆ ದಾರಿಯ ಎರಡೂ ಬದಿ ಹೊಂಚು ಹಾಕಿದವರಿರುವುದನ್ನು ವಿಮಾನದಿಂದ ಕಂಡು, ಟೆಂಪೆಸ್ಟ್ ಯುದ್ಧವಿಮಾನಗಳನ್ನು ಕರೆಸಿ ದಾಳಿ ಮಾಡಿಸಿ, 14ರ ಮಧ್ಯಾಹ್ನದ ಹೊತ್ತಿಗೆ ನಮ್ಮ ರಾಜೇಶ್ವರವನ್ನು ಹಿಡಿದರು. ರಾಜೇಶ್ವರ ಬಸವಕಲ್ಯಾಣದ ಕಡೆಯ ಊರು. 17ರ ನಸುಕಿಗೆ ಸೇನೆ ಬೀದರ್ ಹೊಕ್ಕಿತು. ಆವತ್ತೇ ನಿಜಾಮರು ಶರಣಾದರು.

ಮಗಳು ನಕ್ಷೆ ತೆರೆದು ರಾಜೇಶ್ವರದ ಮೇಲೆ ಬೆರಳಿಟ್ಟಳು. ಅಲ್ಲಿಂದ ಹೆದ್ದಾರಿಯ ಗುಂಟ ಸಸ್ತಾಪುರಕ್ಕೆ ಅವಳ ಬೆರಳಿಗೆ ಎಷ್ಟು ದೂರ? ಯುದ್ಧವಿಮಾನ ಬಾಗಿ ಹಾರಿದ ಅದೇ ದಾರಿಯ ಬದಿಗೆ ಈಗ ಚಾಸಿಗಳು ಸಾಲಾಗಿ ನಿಂತು ಮೈ ಕಟ್ಟಿಸಿಕೊಳ್ಳಲು ಕಾಯುತ್ತಿವೆ. 2020ರ ಫೆಬ್ರವರಿಯಲ್ಲಿ ಬೀದರಿನಿಂದ ಬೆಂಗಳೂರಿಗೆ ಜನ ಹೋಗುವ ವಿಮಾನವೂ ಬಂತು. ಬಂತು, ನಿಂತಿತು, ಮತ್ತೆ ಬಂತು, ಹೀಗೇ ನಡೆದಿದೆ. ಅದರ ವೇಳಾಪಟ್ಟಿಯನ್ನು ಬಾನುಲಿಯಲ್ಲಿ ಹೇಳುವ ಧೈರ್ಯ ನನಗಿಲ್ಲ.

ಸಂಗ್ರಹಾಲಯ ಎಂದರೆ ಕೋಟಿಗಟ್ಟಲೆ ಹಣ, ಉದ್ಘಾಟನೆ, ಕಲ್ಲು ಎಂದು ನಾವು ತಿಳಿದಿದ್ದೇವೆ. ನಮ್ಮ ರಸ್ತೆಯ ಕಥೆಗೆ ನನ್ನ ಲೆಕ್ಕ ಸಣ್ಣದು. ಆಟೋನಗರದ ಒಂದು ತಗಡಿನ ಶೆಡ್ ಸಾಕು. ಒಂದು ಬಂಡಿ, ಕೀಲೆಣ್ಣೆಯ ಗೊಟ್ಟದ ಸಮೇತ. ಒಂದು ಬರೀ ಚಾಸಿ, ಡ್ರೈವರ್ ಕೂತು ಬಂದ ಹಲಗೆಯ ಸಮೇತ. ಅರ್ಧ ಕಟ್ಟಿದ ಒಂದು ಕ್ಯಾಬಿನ್, ಒಳಗಿನ ಮರ ಕಾಣುವಂತೆ. ಉರ್ದು, ಮರಾಠಿ, ಕನ್ನಡ ಮೂರರಲ್ಲೂ ಊರಿನ ಹೆಸರು ಬರೆಯುತ್ತಿದ್ದ ಪೇಂಟರನ ಕುಂಚಗಳು. ರಾಜೇಶ್ವರದ ಹಿರಿಯರು ತಂದೆ ತಾಯಿಯಿಂದ ಕೇಳಿದ ಸಂಗತಿಗಳ ಧ್ವನಿಮುದ್ರಣ. ಇಷ್ಟರಲ್ಲಿ ಯಾವುದನ್ನೂ ದೂರದಿಂದ ತರಿಸಬೇಕಾಗಿಲ್ಲ. ಗುಜರಿಯವರು ನಮಗಿಂತ ಚುರುಕಾಗಿದ್ದಾರೆ ಎಂಬುದಷ್ಟೇ ತೊಡಕು.

ಊರಿಗೆ ಮರಳಿದ ಮೇಲಿನ ಭಾನುವಾರ ಕಾಕಾ ತಮ್ಮ ಶೆಡ್ಡಿನ ಹಿಂದಿನಿಂದ ಒಂದು ಬಾನೆಟ್ಟು ಎಳೆದು ತಂದರು. ಟಾಟಾ-ಮರ್ಸಿಡಿಸ್ ಲಾರಿಯದು, ಮೂರು ಕಡ್ಡಿಯ ನಕ್ಷತ್ರ ಇನ್ನೂ ಅಂಟಿಕೊಂಡಿತ್ತು. ಟಾಟಾದವರಿಗೂ ಜರ್ಮನಿಯವರಿಗೂ 1954ರಲ್ಲಿ ಕೂಡಿದ ಸಂಬಂಧ 1969ರಲ್ಲಿ ಮುಗಿದ ಮೇಲೆ ಆ ನಕ್ಷತ್ರ ಲಾರಿಗಳ ಮೇಲಿಂದ ಹೋಯಿತು, ಹಾಗಾಗಿ ಇದರ ವಯಸ್ಸು ಕೇಳಬೇಕಾಗಿಲ್ಲ. ಮಗಳು ಬೆಂಗಳೂರಿನಲ್ಲಿ ಕಂಡಂತೆ ರಟ್ಟಿನ ಮೇಲೆ ಗೆರೆ ಎಳೆದು ಫಲಕ ಬರೆಯಲು ಕೂತಳು. ತಯಾರಿಕೆ, ವರ್ಷ, ಇಂಜಿನ್. ಕ್ಯಾಬಿನ್ ಕಟ್ಟಿದವರು ಎಂಬ ಸಾಲನ್ನು ಕಾಕಾ ಹಟ ಹಿಡಿದು ಸೇರಿಸಿದರು, ತಮ್ಮ ಉಸ್ತಾದರ ಹೆಸರು ಬರೆಸಿದರು. ಕೊನೆಗೆ ಅವಳು, “ಮುತ್ಯಾ, ಸ್ಪೀಡ್ ಎಷ್ಟು ಬರೀಲಿ?” ಎಂದಳು.

“ಖಾಲಿ ಇದ್ದಾಗಂದಾ, ಲೋಡ್ ಇದ್ದಾಗಂದಾ?” ಎಂದು ಕಾಕಾ ಕೇಳಿದರು. “ಎರಡೂ ಬರಿ. ಘಾಟ್ ಏರಾಗಿಂದು ಬ್ಯಾರೆ ಬರಿ.”